ಪದಗಳು ಮೌನವಾದಾಗ

ಪ್ರಾರ್ಥನೆಯಿಂದ ಪದಗಳನ್ನು ತೆಗೆದುಬಿಟ್ಟರೆ ಉಳಿಯುವುದೇನು? ಅರ್ಥವಿರುವುದು ಪದದಲ್ಲಿ, ಆದ್ದರಿಂದ ಪದವಿಲ್ಲದೆಡೆ ಬಿನ್ನಹವೂ ಇರಲಾರದೆಂದು ತರ್ಕ ಹೇಳುತ್ತದೆ. ಇಟಲಿಯ ಪವಿತ್ರ ಗಾಯನವನ್ನು ಆಧರಿಸಿ ಕೆಲವೇ ವಾದ್ಯಗಳಿಗಾಗಿ ರಚಿತವಾದ ಕೃತಿಗಳನ್ನು ಆಲಿಸಿದಾಗ, ಈ ತೀರ್ಮಾನವನ್ನು ನಾವು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ.

ಮಾಂಟುವಾ ನಗರದ ಆಸ್ಥಾನ ಸಂಗೀತಗಾರನಾಗಿದ್ದ ಕ್ಲಾಡಿಯೊ ಮಾಂಟೆವರ್ಡಿ, ಮಾತೆ ಮರಿಯಳ ಹೆಸರಿನಲ್ಲಿ ರಚಿಸಿದ ಸಂಧ್ಯಾ ಪ್ರಾರ್ಥನೆಯ ಸಂಗೀತವನ್ನು 1610ರಲ್ಲಿ ವೆನಿಸ್‌ನಲ್ಲಿ ಮುದ್ರಿಸಿ, ಜಗದ್ಗುರು ಐದನೆಯ ಪೌಲರಿಗೆ ಅರ್ಪಿಸಿದನು. ಅದರಲ್ಲೊಂದು ಭಾಗ ವಿಶಿಷ್ಟವಾದುದು. ಪಿಟೀಲು, ಮರದ ಕಹಳೆ, ಟ್ರಾಂಬೋನ್ ಮೊದಲಾದ ಎಂಟು ವಾದ್ಯಗಳು ಸಡಗರದಿಂದ ನುಡಿಯುತ್ತಿರಲು, ಅವುಗಳ ಮೇಲೆ ಒಂದು ಎತ್ತರದ ಕಂಠ ಮಾತ್ರ, ನಮಗಾಗಿ ಪ್ರಾರ್ಥಿಸೆಂದು ಸಂತ ಮರಿಯಳನ್ನು ಬೇಡುವ ಮನವಿಯನ್ನು 11 ಬಾರಿ ಹಾಡುತ್ತದೆ. ವಾದ್ಯಗಳ ಲಯ ಬದಲಾಗುತ್ತದೆ, ಗತಿ ಬದಲಾಗುತ್ತದೆ. ಬಿನ್ನಹ ಮಾತ್ರ ಬದಲಾಗದು. ಜಪಸರ ಹಿಡಿದು ಕುಳಿತ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರೂವರೆ ಶತಮಾನಗಳ ಬಳಿಕ ಆ ಕಂಠವೂ ಮೌನವಾಯಿತು. ರೋಮಿನಲ್ಲಿ ಪೆಟ್ರಾಸಿಯವರಲ್ಲಿ ಅಧ್ಯಯನ ಮಾಡಿದ್ದ ಇಂಗ್ಲೆಂಡಿನ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್, 1959ರಿಂದ 1962ರವರೆಗೆ ಸೈರನ್ಸೆಸ್ಟರ್ ಪಟ್ಟಣದಲ್ಲಿ ಶಾಲಾ ಸಂಗೀತ ಶಿಕ್ಷಕರಾಗಿದ್ದರು. ಮಾಂಟೆವರ್ಡಿಯ ಇದೇ ಕೃತಿಯನ್ನು ಆಧಾರವಾಗಿಟ್ಟುಕೊಂಡು ಅವರು 1961ರಲ್ಲಿ ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ ಸೇರಿದ ಚತುಷ್ಟಯವನ್ನೂ, 1962ರಲ್ಲಿ ಕಿರು ವಾದ್ಯವೃಂದಕ್ಕಾಗಿ 'ಸಿನ್ಫೋನಿಯ'ವನ್ನೂ ರಚಿಸಿದರು. ಅವುಗಳಲ್ಲಿ ಹಳೆಯ ರಾಗ ಕಿವಿಗೆ ಸುಲಭವಾಗಿ ಸಿಗದು. ನೆಲದೊಳಗಿನ ಬೇರಿನಂತೆ ಅಡಗಿದೆ.

ಇನ್ನೊಂದು ನಿದರ್ಶನ ಇಟಲಿಯದೇ. 1888ರಲ್ಲಿ ಮಿಲಾನಿನ ಸಂಗೀತ ಪತ್ರಿಕೆಯೊಂದು ವಿಲಕ್ಷಣ ಸ್ವರಶ್ರೇಣಿಯೊಂದನ್ನು ಸವಾಲಾಗಿ ಪ್ರಕಟಿಸಿತು. ವೃದ್ಧ ವೆರ್ಡಿ ಅದನ್ನೇ ಆಧರಿಸಿ 'ನಮೋ ಮರಿಯ' ಪ್ರಾರ್ಥನೆಗೆ ಸಂಗೀತ ರಚಿಸಿದರು. ವೆನಿಸ್‌ನ ಲುಯಿಜಿ ನೋನೊ ಆ ಶ್ರೇಣಿಯನ್ನು ತಮ್ಮ ಚತುಷ್ಟಯದಲ್ಲಿ ಬಳಸಿದರು. ಅದು 1980ರಲ್ಲಿ ಬಾನ್ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. ಅದರ ಸ್ವರಲಿಪಿಯ ನಡುನಡುವೆ ಜರ್ಮನ್ ಕವಿ ಹೋಲ್ಡರ್ಲಿನ್‌ನ ನುಡಿತುಣುಕುಗಳಿವೆ. ಅವನ್ನು ಸಭೆಗೆ ಓದಿ ಹೇಳುವಂತಿಲ್ಲ. ವಾದಕರು ನುಡಿಸುತ್ತಾ ಅಂತರಂಗದಲ್ಲೇ ಹಾಡಿಕೊಳ್ಳಬೇಕು.

ಇಲ್ಲಿ ವಿವೇಚನೆ ಅಗತ್ಯ. ಡೇವಿಸ್ ತಮ್ಮ ಚತುಷ್ಟಯವನ್ನು ಬರೆದದ್ದು ದೇವಾಲಯಕ್ಕಾಗಿ ಅಲ್ಲ. ನೋನೊ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದವರು. ಅವರ ಕೃತಿಗಳನ್ನು ಪ್ರಾರ್ಥನೆಗಳೆಂದು ಸಾರುವುದು ಅವರಿಗೂ ಸತ್ಯಕ್ಕೂ ಮಾಡುವ ಅನ್ಯಾಯ. ಸಂತ ಅಗಸ್ಟೀನರು ಈ ತೊಡಕಿನ ಎರಡೂ ಮಗ್ಗುಲುಗಳನ್ನು ಬಲ್ಲವರಾಗಿದ್ದರು. ಹಾಡಿನ ವಿಷಯಕ್ಕಿಂತ ಕಂಠದ ಮಾಧುರ್ಯವೇ ತಮ್ಮನ್ನು ಹೆಚ್ಚು ಸೆಳೆಯುವುದುಂಟೆಂದು 'ನಿವೇದನೆಗಳು' ಗ್ರಂಥದಲ್ಲಿ ಅವರು ಕಳವಳಪಟ್ಟರು. ಕೀರ್ತನೆಗಳ ವ್ಯಾಖ್ಯಾನದಲ್ಲಾದರೋ, ಪದಗಳಿಗೆ ಮೀರಿದ ಆನಂದ ಪದವಿಲ್ಲದ ಉದ್ಘೋಷವಾಗಿ ಹೊಮ್ಮುತ್ತದೆಂದರು. ಪವಿತ್ರಾತ್ಮರು ಮಾತಿಗೆ ನಿಲುಕದ ನಿಟ್ಟುಸಿರಿನಿಂದ ನಮಗಾಗಿ ಬಿನ್ನವಿಸುತ್ತಾರೆಂದು ಸಂತ ಪೌಲರೂ ರೋಮನರಿಗೆ ಬರೆದರು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಪದಗಳು ಎಲ್ಲಿಗೆ ಹೋದವು? ಮರೆತುಹೋಗಿದ್ದರೆ ಉಳಿಯುವುದು ಇಂಪಾದ ಸದ್ದು. ಹೃದಯಕ್ಕೆ ಇಳಿದಿದ್ದರೆ ಅಲ್ಲಿ ಪ್ರಾರ್ಥನೆ ಮುಂದುವರಿಯುತ್ತಿದೆ.

ಪರಮಪ್ರಸಾದ ಸ್ವೀಕರಿಸಿದ ಬಳಿಕ ಕೆಲವೊಮ್ಮೆ ಗಾನವೃಂದ ಸುಮ್ಮನಾಗಿ ವಾದ್ಯವೊಂದೇ ನುಡಿಯುತ್ತದೆ. ಆ ಗಳಿಗೆಯನ್ನು ಪಕ್ಕದವರೊಡನೆ ಪಿಸುಮಾತಿಗೆ ದೊರೆತ ಬಿಡುವೆಂದು ತಿಳಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಆರ್ಗನ್ ವಾದ್ಯದ ನಾದವು ಮನಸ್ಸನ್ನು ದೇವರೆಡೆಗೆ ಎತ್ತಬಲ್ಲದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ನುಡಿದಿದೆ. ವಾದ್ಯ ನುಡಿಸುವ ನಮ್ಮ ಯುವಕ ಯುವತಿಯರು ಆ ಗೀತೆಯ ಪದಗಳನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಲಿ. ಆಲಿಸುವ ನಾವು ಅವನ್ನು ತುಟಿ ಅಲುಗಿಸದೆ ಮನದೊಳಗೇ ಹಾಡಿಕೊಳ್ಳೋಣ.