ಬಿ.ಇಡಿ. ಪ್ರವೇಶ: ಲಗ್ಗೆರೆಯಲ್ಲಿ ಕೇಳುವ ಮಾತು, ನಿಯಮದಲ್ಲಿರುವ ಮಾತು

ರಿಂಗ್ ರೋಡಿನ ಲಗ್ಗೆರೆ ಬ್ರಿಡ್ಜ್ ಬಳಿ ಇಳಿದು ಒಳಗಿನ ಬೀದಿಗಳಲ್ಲಿ ನಡೆದರೆ ಸಣ್ಣ ಸಣ್ಣ ಖಾಸಗಿ ಶಾಲೆಗಳು ಸಿಗುತ್ತವೆ. ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್ ನಂಬಿಕೊಂಡು ತುಮಕೂರು, ಮಂಡ್ಯ, ಹಾಸನ, ಉತ್ತರ ಕರ್ನಾಟಕದ ಕಡೆಯಿಂದ ಬಂದು ನೆಲೆನಿಂತವರ ಮಕ್ಕಳು ಅಲ್ಲಿ ಓದುತ್ತಾರೆ. ಪಾಠ ಹೇಳುವವರಲ್ಲೂ ಅಂಥದೇ ಮನೆಗಳ ಹೆಣ್ಣುಮಕ್ಕಳಿದ್ದಾರೆ. ಮನೆತನದಲ್ಲಿ ಮೊದಲ ಡಿಗ್ರಿ ಇವರದೇ. ಬಿ.ಇಡಿ. ಮಾಡುವ ಆಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಲೇ ಬಂದವರೂ ಇವರೇ. ಇವರಲ್ಲಿ ಎಷ್ಟೋ ಜನರನ್ನು ತಡೆದು ನಿಲ್ಲಿಸಿರುವುದು ನಿಯಮವಲ್ಲ, ನಿಯಮದ ಬಗ್ಗೆ ಹಬ್ಬಿರುವ ಮಾತು. ಸೀಟು ಸಿಗುವುದೇ ಕಷ್ಟ, ಸಿಕ್ಕ ಮೇಲೆ ಪರೀಕ್ಷೆ ಬರೆದು ಬಂದರಾಯಿತು ಎಂದು ಜನ ನಂಬಿದ್ದಾರೆ. ನಿಯಮ ಹೇಳುವುದು ಇದಕ್ಕೆ ತೀರ ತಿರುಗುಮುರುಗು.

‘ಮೂವತ್ತೈದಾಯ್ತು, ಇನ್ಯಾರು ಸೀಟು ಕೊಡ್ತಾರೆ?’

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, 2014ರ ನಿಯಮಾವಳಿ ಬಿ.ಇಡಿ. ಪ್ರವೇಶಕ್ಕೆ ಗರಿಷ್ಠ ವಯಸ್ಸನ್ನು ಗೊತ್ತುಮಾಡಿಲ್ಲ. ಮದುವೆಯಾಗಿದೆ, ಡಿಗ್ರಿ ಮುಗಿದು ಹತ್ತು ವರ್ಷವಾಯಿತು ಎನ್ನುವುದೂ ಅಡ್ಡಿಯಲ್ಲ. ವಯೋಮಿತಿ ಇರುವುದು ಸರ್ಕಾರಿ ಶಿಕ್ಷಕರ ನೇಮಕಾತಿಗೆ. ಎರಡನ್ನೂ ಬೆರೆಸಿದ್ದರಿಂದ ಈ ಹೆದರಿಕೆ ಹುಟ್ಟಿದೆ. ಸರ್ಕಾರಿ ನೌಕರಿಯೊಂದೇ ಗುರಿಯಾಗಿದ್ದರೆ ಓದುವ ಎರಡು ವರ್ಷವನ್ನೂ ನೇಮಕಾತಿಗಾಗಿ ಕಾಯುವ ಕಾಲವನ್ನೂ ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು. ಖಾಸಗಿ ಶಾಲೆಯಲ್ಲಿ ತರಬೇತಾದ ಶಿಕ್ಷಕಿಯಾಗಿ ನಿಲ್ಲಬೇಕೆನ್ನುವವರಿಗೆ ಆ ಲೆಕ್ಕದ ಅಗತ್ಯವಿಲ್ಲ.

‘ಡಿಗ್ರಿಯಲ್ಲಿ ಐವತ್ತು ಪರ್ಸೆಂಟ್ ಇಲ್ಲ, ಮುಗೀತು’

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚು ಜನ ಕೈಚೆಲ್ಲುವುದು ಇದೇ ಜಾಗದಲ್ಲಿ. ಶೇ 50 ಅಂಕ ಬೇಕೆಂಬುದು ನಿಜ. ಆದರೆ ಎನ್‌ಸಿಟಿಇ ಆ ಅಂಕವನ್ನು ಪದವಿಯಲ್ಲೇ ಪಡೆದಿರಬೇಕು ಎಂದಿಲ್ಲ. ಪದವಿಯಲ್ಲಾಗಲಿ ಸ್ನಾತಕೋತ್ತರ ಪದವಿಯಲ್ಲಾಗಲಿ ಇದ್ದರೆ ಸಾಕು ಎಂದಿದೆ. ಬಿ.ಎ.ಯಲ್ಲಿ ಶೇ 47 ಬಂದವರು ಮುಂದೆ ಎಂ.ಎ.ಯಲ್ಲಿ ಶೇ 55 ಪಡೆದಿದ್ದರೆ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ನಮ್ಮ ರಾಜ್ಯದಲ್ಲಿ ಶೇ 45 ಸಾಕು. ಜಾತಿ ಪ್ರಮಾಣಪತ್ರ ಇದ್ದವರಿಗೆಲ್ಲ ಈ ರಿಯಾಯಿತಿ ಸಿಗುತ್ತದೆ ಎಂದುಕೊಂಡವರೂ ಇದ್ದಾರೆ. 2ಎ, 2ಬಿ, 3ಎ, 3ಬಿಯವರಿಗೆ ಸೀಟು ಹಂಚಿಕೆಯಲ್ಲಿ ಮೀಸಲಾತಿ ಉಂಟು, ಕನಿಷ್ಠ ಅಂಕ ಮಾತ್ರ ಶೇ 50. ಎಂಜಿನಿಯರಿಂಗ್ ಓದಿದವರಿಗೆ ಬಿ.ಇಡಿ. ಇಲ್ಲ ಎಂಬುದೂ ಸುಳ್ಳು. ವಿಜ್ಞಾನ, ಗಣಿತದ ಹಿನ್ನೆಲೆಯಿದ್ದು ಶೇ 55 ಅಂಕವಿದ್ದರೆ ಅವರೂ ಅರ್ಜಿ ಹಾಕಬಹುದು.

ಕನಿಷ್ಠ ಅಂಕ ಇಲ್ಲದಿದ್ದರೂ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಸೇರಿಸುತ್ತೇವೆ ಎನ್ನುವ ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಸರ್ಕಾರಿ ಕೋಟಾ, ಆಡಳಿತ ಮಂಡಳಿ ಕೋಟಾ ಎಂಬ ಭೇದ ಶುಲ್ಕದಲ್ಲೂ ಆಯ್ಕೆಯ ರೀತಿಯಲ್ಲೂ ಇದೆ, ಅರ್ಹತೆಯಲ್ಲಿ ಇಲ್ಲ. ಅನರ್ಹರಾಗಿ ಸೇರಿಕೊಂಡವರ ತೊಡಕು ವಿಶ್ವವಿದ್ಯಾಲಯ ಪ್ರವೇಶಾತಿಗೆ ಅನುಮೋದನೆ ಕೊಡುವ ಹೊತ್ತಿಗೆ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ದುಡ್ಡೂ ಹೋಗಿರುತ್ತದೆ, ವರ್ಷವೂ ಹೋಗಿರುತ್ತದೆ.

ಪ್ರವೇಶ ಪರೀಕ್ಷೆಯ ಭಯವೂ ಬೇಡ. ಆಂಧ್ರ, ತೆಲಂಗಾಣದಲ್ಲಿ ಬಿ.ಇಡಿ.ಗೆ ಎಡ್‌ಸೆಟ್ ನಡೆಯುತ್ತದೆ. ಅದರ ವಿಡಿಯೊ ನೋಡಿದವರು ಇಲ್ಲಿಯೂ ಹಾಗೆಯೇ ಎಂದುಕೊಳ್ಳುತ್ತಾರೆ. ಕರ್ನಾಟಕದ ಸರ್ಕಾರಿ ಕೋಟಾ ಸೀಟುಗಳನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಅಂಕಗಳ ಮೆರಿಟ್ ಮತ್ತು ಮೀಸಲಾತಿ ನೋಡಿ ಹಂಚುತ್ತದೆ. ಪರೀಕ್ಷೆ ಇರುವುದು ಪಿಯುಸಿ ಆದ ಕೂಡಲೇ ಸೇರುವ ನಾಲ್ಕು ವರ್ಷದ ಸಂಯೋಜಿತ ಕೋರ್ಸಿಗೆ. ಮೈಸೂರಿನ ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ಅದನ್ನು ಓದಬೇಕಾದರೆ ಎನ್‌ಸಿಇಟಿ ಬರೆಯಬೇಕು.

‘ಕೆಲಸ ಬಿಡೋ ಹಾಗಿಲ್ಲ, ಕರೆಸ್ಪಾಂಡೆನ್ಸ್‌ನಲ್ಲಿ ಮಾಡ್ಕೋತೀನಿ’

ತಿಂಗಳ ಸಂಬಳ ನಂಬಿದ ಮನೆಯವರು ಈ ಮಾತು ಆಡುವುದು ಸಹಜ. ದೂರಶಿಕ್ಷಣದ ಬಿ.ಇಡಿ. ಇರುವುದೂ ನಿಜ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಇಗ್ನೊದಲ್ಲೂ ಇದೆ. ಆದರೆ ಅದನ್ನು ರೂಪಿಸಿದ್ದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗಾಗಿ: ಪ್ರಾಥಮಿಕ ಹಂತದ ತರಬೇತಿ ಪಡೆದು ಸೇವೆಯಲ್ಲಿರುವ ಶಿಕ್ಷಕರು, ಇಲ್ಲವೇ ಡಿ.ಎಲ್.ಇಡಿ.ಯಂಥ ಮಾನ್ಯ ಕೋರ್ಸನ್ನು ತರಗತಿಗೆ ಹೋಗಿ ಮುಗಿಸಿದವರು. ಬರೀ ಬಿ.ಎ., ಬಿ.ಎಸ್ಸಿ. ಮಾಡಿ ಹತ್ತು ವರ್ಷ ಪಾಠ ಹೇಳಿದವರಿಗೆ ಆ ದಾರಿ ಇಲ್ಲ. ಅನುಭವ ತರಬೇತಿಗೆ ಸಮನಾಗುವುದಿಲ್ಲ ಎಂದು ಕಾನೂನೇ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ತರಬೇತಿಯಿಲ್ಲದ ಸೇವಾನಿರತ ಶಿಕ್ಷಕರಿಗೆ 31 ಮಾರ್ಚ್ 2019ರವರೆಗೆ ಗಡುವು ಕೊಟ್ಟಿದ್ದರು. ಎನ್‌ಐಒಎಸ್ ಮೂಲಕ ಡಿ.ಎಲ್.ಇಡಿ. ಮಾಡಿಕೊಳ್ಳಲು ಅವಕಾಶ ಸಿಕ್ಕಿದ್ದು ಆಗಲೇ. ಒಂದರಿಂದ ಎಂಟನೇ ತರಗತಿಯವರೆಗೆ ಈ ಅರ್ಹತೆಯ ಷರತ್ತು ಅನುದಾನವಿಲ್ಲದ ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ.

ಇನ್ನು ‘ಕಾಲೇಜಿಗೆ ಬರಬೇಕಾಗಿಲ್ಲ’ ಎಂದು ಆಸೆ ತೋರಿಸುವವರ ವಿಷಯ. ರೆಗ್ಯುಲರ್ ಬಿ.ಇಡಿ. 2015ರಿಂದ ಎರಡು ವರ್ಷದ್ದು. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ತರಗತಿಗಳಿಗೆ ಶೇ 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90. ಎರಡು ವರ್ಷದಲ್ಲಿ 20 ವಾರ ಶಾಲೆಗಳಲ್ಲೇ ಕಳೆಯಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕೋರ್ಸಿನ ಜೀವ ಇರುವುದು ಆ 20 ವಾರಗಳಲ್ಲಿ. ಅನುಭವಿ ಮೇಷ್ಟ್ರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನಮ್ಮ ಪಾಠ ನೋಡಿ, ಎಲ್ಲಿ ಮಕ್ಕಳು ಕೈತಪ್ಪಿದರು ಎಂದು ತಿಳಿಸಿಕೊಡುವ ಅವಕಾಶ ಆಮೇಲೆ ಬಹುಮಟ್ಟಿಗೆ ಸಿಗುವುದೇ ಇಲ್ಲ. ಹಾಜರಾತಿಯನ್ನು ದುಡ್ಡಿಗೆ ಕೊಂಡವರು ಕಳೆದುಕೊಳ್ಳುವುದು ಅದನ್ನೇ. ಅವರ ಜೊತೆ ಕಳೆದುಕೊಳ್ಳುವವರು ಲಗ್ಗೆರೆಯ ಮಕ್ಕಳು.

‘ಒಂದು ವರ್ಷದ ಬಿ.ಇಡಿ. ವಾಪಸ್ ಬಂತಂತೆ, ಕಾಯೋಣ’

2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ ಹೊರಡಿಸಿದ್ದು ಕರಡು ನಿಯಮಾವಳಿ. ಅದರಲ್ಲಿ ಒಂದು ವರ್ಷದ ಕೋರ್ಸಿನ ಪ್ರಸ್ತಾಪ ಇರುವುದು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಮಾತ್ರ. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಮೂರು ವರ್ಷದ ಡಿಗ್ರಿ ಕೈಯಲ್ಲಿಟ್ಟುಕೊಂಡು ಆ ಕೋರ್ಸಿಗಾಗಿ ಕಾಯುವುದು ವ್ಯರ್ಥ.

‘ಬಿ.ಇಡಿ. ಇದ್ದರೆ ಯಾವ ಕ್ಲಾಸಿಗಾದ್ರೂ ಟೀಚರ್ ಆಗಬಹುದು’

ಇದು 2018ರಿಂದ ಕೆಲವು ವರ್ಷ ನಿಜವಾಗಿತ್ತು. ಒಂದರಿಂದ ಐದನೇ ತರಗತಿಗೂ ಬಿ.ಇಡಿ. ಪದವೀಧರರನ್ನು ತೆಗೆದುಕೊಳ್ಳಬಹುದೆಂದು 28 ಜೂನ್ 2018ರಂದು ಎನ್‌ಸಿಟಿಇ ಅಧಿಸೂಚನೆ ಹೊರಡಿಸಿತ್ತು. 11 ಆಗಸ್ಟ್ 2023ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಪುಟ್ಟ ಮಕ್ಕಳಿಗೆ ಓದು, ಬರಹ, ಲೆಕ್ಕದ ಬುನಾದಿ ಹಾಕಲು ಅದಕ್ಕೆಂದೇ ರೂಪಿಸಿದ ತರಬೇತಿ ಬೇಕು ಎಂಬುದು ತೀರ್ಪಿನ ತಿರುಳು. ಹೀಗಾಗಿ ಒಂದರಿಂದ ಐದಕ್ಕೆ ಡಿ.ಎಲ್.ಇಡಿ. ಬೇಕು. ಹಳಬರು ಇದನ್ನು ಟಿಸಿಎಚ್ ಎಂದೂ ಡಿ.ಇಡಿ. ಎಂದೂ ಕರೆಯುತ್ತಿದ್ದರು. ಇದಕ್ಕೆ ಪಿಯುಸಿಯಲ್ಲಿ ಶೇ 50 ಇದ್ದರೆ ಸಾಕು, ಡಿಗ್ರಿ ಬೇಕಿಲ್ಲ. ಆರನೇ ತರಗತಿಯಿಂದ ಮೇಲಕ್ಕೆ ಬಿ.ಇಡಿ. ನಡೆಯುತ್ತದೆ, ಎಂಟನೇ ತರಗತಿಯವರೆಗಿನ ಹುದ್ದೆಗೆ ಟಿಇಟಿ ಕೂಡ ಪಾಸಾಗಿರಬೇಕು. ಟಿಇಟಿ ಕೇಳುವುದು ಕೆಲಸಕ್ಕೆ, ಬಿ.ಇಡಿ. ಪ್ರವೇಶಕ್ಕಲ್ಲ.

ಅರ್ಜಿ ಹಾಕುವ ಮುಂಚೆ ಎರಡು ಕೆಲಸ ಮಾಡಿ. ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆಯೂ ವಿಶ್ವವಿದ್ಯಾಲಯದ ಸಂಯೋಜನೆಯೂ ಇದೆಯೇ ನೋಡಿ, ಏಕೆಂದರೆ ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇದೆ ಎಂದಲ್ಲ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರಿಗೆ ಓದಿದ ಶಾಲೆಯ ಪ್ರಮಾಣಪತ್ರ ಬೇಕು, ಅದಕ್ಕೆ ಆ ತಾಲ್ಲೂಕಿನ ಬಿಇಒ ಮೇಲುರುಜು ಬೇಕು. ಇದು ಬೆಂಗಳೂರಿನಲ್ಲಿ ಸಿಗುವುದಲ್ಲ. ಕೌನ್ಸೆಲಿಂಗ್ ದಿನ ಗೊತ್ತಾದ ಮೇಲೆ ಪಾವಗಡಕ್ಕೋ ಸಿಂದಗಿಗೋ ಬಸ್ಸು ಹತ್ತುವ ಬದಲು, ಹಬ್ಬಕ್ಕೆ ಊರಿಗೆ ಹೋದಾಗಲೇ ಒಂದು ದಿನ ಹೆಚ್ಚು ಉಳಿದು ಮಾಡಿಸಿಟ್ಟುಕೊಳ್ಳಿ.