ಹೆದ್ದಾರಿ ದಾಟಲು ಹತ್ತು ಸೆಕೆಂಡು

ವಿಜಯಪುರದಿಂದ ಸೊಲ್ಲಾಪುರದ ಕಡೆ ಹೋಗುವ ನಾಲ್ಕು ಪಥದ ಹೆದ್ದಾರಿಯ ಒಂದು ಬದಿ, ಅಂಚೂ ಸೇರಿ, ಹೆಚ್ಚುಕಡಿಮೆ 9 ಮೀಟರ್ ಅಗಲ. ಮೇವಿನ ಹೊರೆ ಹೊತ್ತು ಹೊಲದಿಂದ ಬರುವ ಹೆಣ್ಣುಮಗಳಿಗೋ, ಕೋಲೂರಿ ನಡೆಯುವ ಮುದುಕನಿಗೋ ಅಷ್ಟು ದಾಟಲು 10 ಸೆಕೆಂಡು ಬೇಕು. ಗಂಟೆಗೆ 100 ಕಿ.ಮೀ. ವೇಗದ ಕಾರು ಅದೇ 10 ಸೆಕೆಂಡಿನಲ್ಲಿ 278 ಮೀಟರ್ ಓಡಿರುತ್ತದೆ. ಅಂದರೆ ದಾಟುವವರು ಹೆಜ್ಜೆ ಎತ್ತುವ ಮೊದಲೇ ಕಾಲು ಕಿಲೋಮೀಟರಿನಾಚೆಯ ಗಾಡಿಯನ್ನು ನೋಡಿ, ಅದರ ವೇಗ ಅಂದಾಜು ಮಾಡಿ, ಹೋಗಬೇಕೋ ನಿಲ್ಲಬೇಕೋ ಎಂದು ನಿರ್ಧರಿಸಬೇಕು. ಹಗಲಲ್ಲೇ ಇದು ಕಷ್ಟ. ದೂರವನ್ನು ಕಣ್ಣು ಒಂದಿಷ್ಟಾದರೂ ಅಳೆಯುತ್ತದೆ. ನೇರ ನಮ್ಮತ್ತಲೇ ಬರುವ ವಾಹನದ ವೇಗವನ್ನು ಅಳೆಯುವುದು ಅದಕ್ಕೆ ಬಹಳ ಕಷ್ಟ. ಕತ್ತಲಾದ ಮೇಲಂತೂ ಕಾಣುವುದು ಎರಡು ದೀಪ ಮಾತ್ರ. ಅವು 60ರಲ್ಲಿ ಬರುತ್ತಿವೆಯೋ 110ರಲ್ಲೋ ತಿಳಿಯುವಷ್ಟರಲ್ಲಿ ಹತ್ತಿರ ಬಂದಿರುತ್ತವೆ.

ಮರುದಿನದ ಪತ್ರಿಕೆಯಲ್ಲಿ ಎರಡು ಸಾಲು: ರಸ್ತೆ ದಾಟುವಾಗ ಅಪರಿಚಿತ ವಾಹನ ಡಿಕ್ಕಿ, ಪಾದಚಾರಿ ಸಾವು. ದಾಟಿದ್ದೇ ತಪ್ಪು ಎನ್ನುವಂತಿರುತ್ತದೆ ಆ ಒಕ್ಕಣೆ. ಆದರೆ ಮನೆ ಒಂದು ಬದಿ, ಹೊಲ ಇನ್ನೊಂದು ಬದಿ ಇರುವವರು ದಾಟದೆ ಬದುಕುವುದು ಹೇಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಭಾಗಗಳ ಜನ ಹೆದ್ದಾರಿಯ ಬಳಿಗೆ ಹೋಗಿ ಮನೆ ಕಟ್ಟಿದವರಲ್ಲ; ಬಹುತೇಕ ಕಡೆ ಹೆದ್ದಾರಿಯೇ ಅವರ ಹಳೆಯ ದಾರಿಯ ಮೇಲೆ ಬಂದು ಕೂತಿದೆ. ಸೊಲ್ಲಾಪುರದ ಕಡೆಯ ರಾಷ್ಟ್ರೀಯ ಹೆದ್ದಾರಿ 52 ಹೊರ್ತಿ, ಝಳಕಿ ಮೇಲೆ ಹಾದು ಭೀಮಾ ನದಿ ದಾಟುತ್ತದೆ. ಹೆದ್ದಾರಿ 50 ಕಲಬುರಗಿ ಕಡೆಯಿಂದ ಸಿಂದಗಿ, ದೇವರ ಹಿಪ್ಪರಗಿ ಮಾರ್ಗವಾಗಿ ವಿಜಯಪುರಕ್ಕೆ ಬಂದು, ಅಲ್ಲಿಂದ ಮನಗೂಳಿ, ಗೊಳಸಂಗಿ, ನಿಡಗುಂದಿ ಹಾದು ಹೊಸಪೇಟೆಯತ್ತ ಸಾಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಪುನರ್ವಸತಿ ಕೇಂದ್ರಗಳು, ಲಂಬಾಣಿ ತಾಂಡಾಗಳು, ಗೋವಾಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೊರಟವರು ಗಂಟು ಇಟ್ಟುಕೊಂಡು ರಾತ್ರಿ ಬಸ್ಸಿಗೆ ಕಾಯುವ ಕ್ರಾಸುಗಳು, ಇವೆಲ್ಲ ಇರುವುದು ಇಂಥ ರಸ್ತೆಗಳ ಬದಿಯಲ್ಲೇ.

ಮುದ್ದೇಬಿಹಾಳ, ತಾಳಿಕೋಟೆ ಕಡೆಯ ರಸ್ತೆಗಳ ಸಂಕಟ ಬೇರೆ. ಅಲ್ಲಿ ಬಹುಪಾಲು ಎರಡೇ ಪಥ, ನಡುವೆ ವಿಭಜಕವಿಲ್ಲ. ನಡೆಯುವವರು ರಸ್ತೆ ಬಿಟ್ಟು ಬದಿಗೆ ಇಳಿದು ಹೋಗಲಿ ಎನ್ನುವವರು ಮಳೆಗಾಲದಲ್ಲಿ ಒಮ್ಮೆ ಆ ಬದಿಯನ್ನು ನೋಡಬೇಕು. ಅದು ಎರೆಮಣ್ಣು. ಒಂದು ಹದ ಮಳೆ ಬಿದ್ದರೆ ಚಪ್ಪಲಿಗೆ ಅಂಟಿಕೊಂಡ ಮಣ್ಣು ಹೆಜ್ಜೆ ಹೆಜ್ಜೆಗೂ ದಪ್ಪವಾಗಿ, ಕಾಲು ಎತ್ತುವುದೇ ಕಷ್ಟ. ಶಾಲೆಗೆ ಹೊರಟ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಡಾಂಬರಿನ ಮೇಲೇ ನಡೆಯುತ್ತಾರೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಳ್ಳುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಅವನ್ನು ಹಿಂದಿಕ್ಕಲು ಬಲಕ್ಕೆ ನುಗ್ಗುವ ಕಾರಿಗೆ ಎದುರಿನ ಅಂಚಿನಲ್ಲಿ ನಡೆದು ಬರುವವರು ಕಾಣುವುದು ಕೊನೆಯ ಗಳಿಗೆಯಲ್ಲಿ.

ವೇಗ ಏನು ಮಾಡುತ್ತದೆ

35 ಮೀಟರ್ ದೂರದಲ್ಲಿ ಒಂದು ಮಗು ರಸ್ತೆಗೆ ಇಳಿಯಿತು ಎಂದುಕೊಳ್ಳಿ. ಚಾಲಕ ಅದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ವೇಗ 50 ಇದ್ದರೆ ಅಷ್ಟರಲ್ಲಿ ಕಾರು 21 ಮೀಟರ್ ಬಂದಿರುತ್ತದೆ. ಒಣ ರಸ್ತೆಯಲ್ಲಿ ಇನ್ನು 14 ಮೀಟರಿನೊಳಗೆ ನಿಲ್ಲುತ್ತದೆ. ಮಗು ಉಳಿಯುತ್ತದೆ. ವೇಗ 80 ಇದ್ದರೆ ಬ್ರೇಕ್ ಹಿಡಿಯುವ ಹೊತ್ತಿಗೇ 33 ಮೀಟರ್ ಮುಗಿದಿರುತ್ತದೆ. ಕಾರು ಮಗುವಿಗೆ ತಗಲುವುದು ಹೆಚ್ಚುಕಡಿಮೆ ಅದೇ 80ರ ವೇಗದಲ್ಲಿ. ಒಂದೇ ಕಾರು, ಅಷ್ಟೇ ಜಾಗ್ರತೆಯ ಚಾಲಕ. ಮೀಟರಿನ ಮುಳ್ಳು ಎಲ್ಲಿತ್ತು ಎಂಬುದಷ್ಟೇ ಬೇರೆ. ಡಿಕ್ಕಿಯ ವೇಗ 50ರಿಂದ 65ಕ್ಕೆ ಏರಿದರೆ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಒಟ್ಟು ಸಾವುಗಳಲ್ಲಿ ಶೇ 71ರಷ್ಟಕ್ಕೆ ಅತಿವೇಗವೇ ಕಾರಣ ಎಂದು ಅದೇ ವರದಿ ದಾಖಲಿಸಿದೆ.

ಇಷ್ಟಿದ್ದೂ ನಮ್ಮ ವೇಗಮಿತಿ ಯಾರನ್ನು ನೋಡಿ ಹಾಕಿದ್ದು? 2018ರ ಏಪ್ರಿಲಿನ ಕೇಂದ್ರ ಅಧಿಸೂಚನೆಯ ಪ್ರಕಾರ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿಗೆ 80. ಪಟ್ಟಣದ ವ್ಯಾಪ್ತಿಯೊಳಗೂ ಕಾರು 70ರಲ್ಲಿ ಹೋಗಬಹುದು. ಸಂತೆಯ ದಿನ ಜನ ತುಂಬಿದ ಊರಿನೊಳಗೆ 70 ಎನ್ನುವ ಸಂಖ್ಯೆ ಕಾನೂನುಬದ್ಧ ಎಂದರೆ ಆ ಸಂಖ್ಯೆಯೇ ತಪ್ಪು. ಆದರೆ ಇದು ಗರಿಷ್ಠ ಮಿತಿ ಮಾತ್ರ. ಮೋಟಾರು ವಾಹನ ಕಾಯ್ದೆ 1988ರ 112ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ಮಿತಿಯನ್ನು ಇನ್ನೂ ಇಳಿಸಬಹುದು. ಅಧಿಸೂಚನೆ ಹೊರಡಿಸಿ ಫಲಕ ನೆಡಬೇಕು, ಅಷ್ಟೆ. ಅದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ.

ಹೆದ್ದಾರಿ ಕಟ್ಟಿದ್ದೇ ಬೇಗ ಹೋಗಲಿಕ್ಕೆ, ಅಲ್ಲೂ ನಿಧಾನ ಹೋಗು ಎಂದರೆ ಹೇಗೆ ಎಂಬ ಮಾತು ಬರುತ್ತದೆ. ಲೆಕ್ಕ ಹಾಕೋಣ. ಐದು ಊರುಗಳ ಮುಂದೆ ತಲಾ ಒಂದು ಕಿಲೋಮೀಟರ್ ಮಾತ್ರ ವೇಗವನ್ನು 100ರಿಂದ 50ಕ್ಕೆ ಇಳಿಸಿದರೆ ಇಡೀ ಪ್ರಯಾಣಕ್ಕೆ ಕೂಡುವುದು 3 ನಿಮಿಷ. ಸೊಲ್ಲಾಪುರ ಮುಟ್ಟುವುದು 3 ನಿಮಿಷ ತಡವಾದರೆ ಆಗುವ ನಷ್ಟವೇನು?

ಹಂಪ್ಸ್ ಬೇಡಿಕೆಯ ಹಿಂದೆ

ಒಂದು ಸಾವಾದೊಡನೆ ಊರವರು ರಸ್ತೆ ತಡೆದು ಕೂರುತ್ತಾರೆ. ಬೇಡಿಕೆ ಒಂದೇ: ಹಂಪ್ಸ್ ಹಾಕ್ರಿ. ಅಧಿಕಾರಿಗಳ ಉತ್ತರವೂ ಒಂದೇ: ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ಸ್ ಹಾಕಲು ಬರುವುದಿಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಉಬ್ಬುಗಳನ್ನು ತೆಗೆಯಬೇಕೆಂದು 2016ರಲ್ಲೇ ಸಚಿವಾಲಯ ಸೂಚಿಸಿದೆ. ವೇಗವಾಗಿ ಬರುವ ಬೈಕಿಗೆ ಬಣ್ಣವಿಲ್ಲದ ಉಬ್ಬೇ ಯಮ. ಆದರೆ ಜನ ಕೇಳುತ್ತಿರುವುದು ಸಿಮೆಂಟಿನ ದಿಣ್ಣೆಯನ್ನಲ್ಲ, ಗಾಡಿಗಳು ನಿಧಾನ ಆಗುವುದನ್ನು. ಅದು ಬರುವುದಿಲ್ಲ ಎಂದು ಹೇಳಿ ಎದ್ದುಹೋಗಲು ಯಾವ ಅಧಿಕಾರಿಗೂ ಹಕ್ಕಿಲ್ಲ.

ದಾರಿಗಳಿವೆ. ಊರು ಇನ್ನೂ ದೂರವಿರುವಾಗಲೇ 80, 60, 50 ಎಂದು ಮೆಟ್ಟಿಲು ಇಳಿಸುವ ಫಲಕಗಳು, ಚಕ್ರದಡಿ ಸದ್ದು ಮಾಡಿ ಎಚ್ಚರಿಸುವ ಅಡ್ಡಪಟ್ಟಿಗಳು, ಕ್ರಾಸಿನಲ್ಲಿ ಬೆಳಕು, ಬಸ್ಸು ಪಕ್ಕಕ್ಕೆ ಸರಿದು ನಿಲ್ಲುವ ಜಾಗ, ಮತ್ತು ಕ್ಯಾಮೆರಾ. ಕ್ಯಾಮೆರಾ ಇಲ್ಲದ ಫಲಕವನ್ನು ಯಾರೂ ಓದುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಇದನ್ನು ತೋರಿಸಿಕೊಟ್ಟಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲಿ ಸಾಲುಸಾಲು ಸಾವು. ಬಳಿಕ ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತರು, 100 ದಾಟಿದವರಿಗೆ ದಂಡ ಬಿತ್ತು, ಕ್ಯಾಮೆರಾಗಳು ಬಂದವು. ಸಾವು ಎದ್ದು ಕಾಣುವಂತೆ ಇಳಿಯಿತು. ಅಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಸರ್ವಿಸ್ ರಸ್ತೆಗೆ ಕಳಿಸಿದರು. ನಮ್ಮಲ್ಲಿ ಅದಾಗದು. ಎಷ್ಟೋ ಕಡೆ ಸರ್ವಿಸ್ ರಸ್ತೆಯೇ ಇಲ್ಲ, ಇರುವುದೊಂದೇ ರಸ್ತೆ. ಆದ್ದರಿಂದಲೇ ಇಲ್ಲಿ ವೇಗಮಿತಿ ಅಲ್ಲಿಗಿಂತ ಕೆಳಗಿರಬೇಕು.

ಸಿಂದಗಿ ಕಡೆಯ ಎರಡು ಪಥದ ರಸ್ತೆಗೆ ಫ್ರಾನ್ಸಿನ ಉದಾಹರಣೆ ಹತ್ತಿರದ್ದು. ಅಲ್ಲಿ 2018ರ ಜುಲೈ 1ರಿಂದ ವಿಭಜಕವಿಲ್ಲದ ಗ್ರಾಮೀಣ ರಸ್ತೆಗಳಲ್ಲಿ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದರು. ಜನ ಸಿಟ್ಟಾದರು, ಬೀದಿಗಿಳಿದರು. ಆದರೂ ಮೊದಲ 20 ತಿಂಗಳಲ್ಲಿ 300ಕ್ಕೂ ಹೆಚ್ಚು ಜೀವ ಉಳಿದವು ಎಂದು ಅಲ್ಲಿನ ಸರ್ಕಾರಿ ಸಂಸ್ಥೆಯ ಅಧ್ಯಯನ ಹೇಳಿತು. ಇಳಿಸಿದ್ದು ಬರೀ 10.

ನಮ್ಮ ಸುಪ್ರೀಂ ಕೋರ್ಟ್ ಕೂಡ ಸುಮ್ಮನಿಲ್ಲ. ಪಾದಚಾರಿಗಳ ಸುರಕ್ಷತೆಗೆ ಮೋಟಾರು ವಾಹನ ಕಾಯ್ದೆಯ 138(1ಎ) ಸೆಕ್ಷನ್ ಅಡಿ ನಿಯಮ ರೂಪಿಸಿ ಎಂದು 2025ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಇನ್ನೊಂದು ಮಾತು ಇಲ್ಲೇ ಹೇಳಬೇಕು, ಹಳ್ಳಿಗಳಲ್ಲಿ ಹಲವರಿಗೆ ತಿಳಿದಿಲ್ಲ: ಗುದ್ದಿದ ವಾಹನ ಸಿಗದೇ ಹೋದರೂ 2022ರ ಏಪ್ರಿಲ್ 1ರಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಗೊಂಡವರಿಗೆ 50 ಸಾವಿರ ರೂಪಾಯಿ ಪರಿಹಾರವಿದೆ. ಅರ್ಜಿ ಹಾಕಬೇಕು.

ಇದೇ ಹೆದ್ದಾರಿ 52ರಲ್ಲಿ 25.54 ಕಿ.ಮೀ. ಉದ್ದದ ಒಂದು ಪಥವನ್ನು ಕೇವಲ 18 ಗಂಟೆಯಲ್ಲಿ ಹಾಸಿದ್ದನ್ನು 2021ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ದೇಶಕ್ಕೇ ಹೆಮ್ಮೆಯಿಂದ ಹೇಳಿದ್ದರು. ಅಷ್ಟು ಬೇಗ ರಸ್ತೆ ಹಾಸಬಲ್ಲವರಿಗೆ ಫಲಕ, ದೀಪ ಹಾಕುವುದು ದೊಡ್ಡ ಕೆಲಸವಲ್ಲ.

ಮೊದಲ ಹೆಜ್ಜೆಗೆ ಸಂದರ್ಭವೂ ಕಣ್ಣೆದುರಿಗಿದೆ. ದಸರೆ ಮುಗಿದು ಶೀಗಿ ಹುಣ್ಣಿಮೆ ಬರುವಷ್ಟರಲ್ಲಿ ಈ ಭಾಗದ ಸಾವಿರಾರು ಮಂದಿ ಇದೇ ದಾರಿಯಲ್ಲಿ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುತ್ತಾರೆ. ಬಿಸಿಲು ತಪ್ಪಿಸಲು ರಾತ್ರಿಯೇ ಹೆಚ್ಚು ನಡಿಗೆ. ಹೆಗಲಲ್ಲಿ ಮಗು, ಬರಿಗಾಲು, ಬಾಯಲ್ಲಿ ಉಧೋ ಉಧೋ, ಪಕ್ಕದಲ್ಲೇ 80ರಲ್ಲಿ ಸಾಗುವ ಲಾರಿ. ಒಂದು ತಿಂಗಳು ಮೀರದ ವೇಗ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆಯೂ ಬೇಡ ಎಂದು 112ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ದಸರೆಗೂ ಮೊದಲೇ ಸಭೆ ಸೇರಿ, ವಿಜಯಪುರದಿಂದ ಭೀಮಾ ಸೇತುವೆಯವರೆಗೆ ಯಾತ್ರೆಯ ಆ ದಿನಗಳಲ್ಲಿ ಎಡಪಥದ ವೇಗಮಿತಿಯನ್ನು 40ಕ್ಕೆ ಇಳಿಸುವ ಆದೇಶ ಪಡೆಯಲಿ. ಓದುಗರಲ್ಲಿ ಒಂದು ಕೋರಿಕೆ: ನಿಮ್ಮೂರ ಕ್ರಾಸಿಗೂ ವೇಗಮಿತಿ ಬೇಕೆಂದು ಗ್ರಾಮ ಪಂಚಾಯಿತಿಯಿಂದ ಠರಾವು ಮಾಡಿಸಿ ಆ ಸಮಿತಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ಇನ್ನೊಂದು ಸಾವಿನ ನಂತರ ರಸ್ತೆಯಲ್ಲಿ ಕೂರುವುದಕ್ಕಿಂತ ಈಗಲೇ ಆ ಕಾಗದ ಹೋಗಲಿ.