ಹೂಳಿನ ಲೆಕ್ಕ, ಹಣದ ಲೆಕ್ಕ

ರಾಜ್ಯದ ಆಯವ್ಯಯ ಮಂಡನೆಯಾಗುವ ಕಾಲ ಸಮೀಪಿಸಿತೆಂದರೆ ಊರೂರಿನ ವರ್ತಕರೂ ಉದ್ಯಮಿಗಳೂ ತಂತಮ್ಮ ಬೇಡಿಕೆಗಳ ಪಟ್ಟಿಯನ್ನು ಸಿದ್ಧಪಡಿಸುವುದು ವಾಡಿಕೆ. ಹೊಸಪೇಟೆಗೆ ಸಕ್ಕರೆ ಕಾರ್ಖಾನೆ ಬೇಕು; ಹಂಪೆಗೆ ಯಾತ್ರಿಕರ ಸೌಕರ್ಯ ಬೇಕು; ಸಂಡೂರಿಗೆ ಅದಿರಿನ ಲಾರಿಗಳ ಭಾರವನ್ನು ತಾಳಬಲ್ಲ ರಸ್ತೆ ಬೇಕು; ಕಂಪ್ಲಿಗೆ ನದಿ ಉಕ್ಕಿದಾಗ ಮುಳುಗದ ಸೇತುವೆ ಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಹೊಸಪೇಟೆಯ ಕಬ್ಬಿಗೂ ಕಂಪ್ಲಿಯ ಬತ್ತಕ್ಕೂ ಬೇಕಾದುದು ತುಂಗಭದ್ರೆಯ ನೀರು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದಾಹವನ್ನು ಭಾಗಶಃ ಹಿಂಗಿಸುವುದೂ ಇದೇ ನೀರು. ಆದುದರಿಂದ ಪಟ್ಟಿಯ ತಲೆಯಲ್ಲಿ ಏನಿರಬೇಕೆಂಬುದನ್ನು ನಿರ್ಧರಿಸುವ ಮುನ್ನ ಜಲಾಶಯದ ಲೆಕ್ಕವನ್ನು ನೋಡುವುದು ಲೇಸು.

1953ರಲ್ಲಿ ಸಿದ್ಧವಾದ ಈ ಜಲಾಶಯವು ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈಚಿನ ಅಳತೆಯಂತೆ ಅದರ ಸಾಮರ್ಥ್ಯ ಸುಮಾರು 105.8 ಟಿ.ಎಂ.ಸಿ. ಮಾತ್ರ. ಉಳಿದ ಜಾಗವನ್ನು ಹೂಳು ಆಕ್ರಮಿಸಿದೆ. ಹರಿಯುವ ನೀರಿಗೆ ಮಣ್ಣನ್ನು ಹೊತ್ತೊಯ್ಯುವ ಶಕ್ತಿ ಬರುವುದು ಅದರ ವೇಗದಿಂದ. ಅಗಲವಾದ ಜಲಾಶಯವನ್ನು ಹೊಕ್ಕೊಡನೆ ವೇಗ ಕುಂದಿ, ಮೊದಲು ದಪ್ಪ ಮರಳೂ ಅನಂತರ ನುಣ್ಣನೆಯ ಜೇಡಿಯೂ ತಳಕ್ಕೆ ಇಳಿಯುತ್ತವೆ.

‘ಹಾಗಾದರೆ ಹೂಳನ್ನು ಎತ್ತಿಬಿಡೋಣ, ಅದಕ್ಕೆ ಆಯವ್ಯಯದಲ್ಲಿ ಹಣ ಕೊಡಲಿ’ ಎಂಬುದು ಎಲ್ಲರ ಬಾಯಲ್ಲಿ ಬರುವ ಮಾತು. 2017ರಲ್ಲಿ ರೈತರು ತಾವೇ ಹೂಳೆತ್ತಲು ಮುಂದಾದದ್ದೂ ಉಂಟು. ಅವರ ಉತ್ಸಾಹವನ್ನು ಮೆಚ್ಚಬೇಕು. ಈಗ ವಾಚಕರು ಕಾಗದ, ಸೀಸಕಡ್ಡಿಗಳನ್ನು ತೆಗೆದುಕೊಳ್ಳಲಿ. 27 ಟಿ.ಎಂ.ಸಿ. ಎಂದರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಲಾರಿಗೆ 10 ಘನ ಮೀಟರ್ ಎಂದಿಟ್ಟುಕೊಂಡರೆ 7 ಕೋಟಿ 60 ಲಕ್ಷ ಲಾರಿ ಮಣ್ಣು! ದಿನಕ್ಕೆ 1,000 ಲಾರಿಯಂತೆ ಒಂದು ದಿನವೂ ಬಿಡದೆ ಸಾಗಿಸಿದರೆ 200 ವರ್ಷಗಳಿಗೂ ಮೀರುತ್ತದೆ. ಅಷ್ಟೇ ಅಲ್ಲ, 70 ವರ್ಷಗಳಲ್ಲಿ ತುಂಬಿದ ಹೂಳನ್ನು ದಿನಗಳಿಗೆ ಹಂಚಿ ನೋಡಿದರೆ, ಸರಾಸರಿ ದಿನವೊಂದಕ್ಕೆ 3,000 ಲಾರಿಗಳಷ್ಟು ಮಣ್ಣು ಹೊಸದಾಗಿ ಬಂದು ಸೇರಿದಂತಾಯಿತು. ತೆಗೆದ ಮಣ್ಣನ್ನು ಸುರಿಯುವುದಾದರೂ ಎಲ್ಲಿ?

ಈ ಮಣ್ಣಿಗೆಲ್ಲ ಸಂಡೂರಿನ ಗಣಿಗಳನ್ನು ದೂರುವುದು ಸುಲಭ. ಆದರೆ ಜಲಾನಯನವು ಮಲೆನಾಡಿನಿಂದ ಹಿಡಿದು ಸುಮಾರು 28,000 ಚದರ ಕಿಲೋಮೀಟರ್ ಹರಡಿದೆ. ಹಣವು ಹೋಗಬೇಕಾದುದು ಅಲ್ಲಿನ ಇಳಿಜಾರು ಹೊಲಗಳ ಬದುಗಳಿಗೆ, ಬೋಳಾದ ಗುಡ್ಡಗಳಿಗೆ. ಉದ್ಘಾಟನೆಯ ಶಿಲಾಫಲಕವನ್ನು ನೆಡಲು ಅವಕಾಶವಿಲ್ಲದ ಕೆಲಸವಾದುದರಿಂದಲೋ ಏನೋ, ಇದನ್ನು ಕೇಳುವವರು ಕಡಿಮೆ.

ಇದಕ್ಕಿಂತಲೂ ತ್ವರಿತವಾದುದು ತೂಬಿನ ಬಾಗಿಲುಗಳ ಪಾಲನೆ. ಅಣೆಕಟ್ಟಿಗೆ 33 ಬಾಗಿಲುಗಳುಂಟು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ತುಂಡಾಗಿ, ಬಾಗಿಲೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ಹತ್ತಾರು ಟಿ.ಎಂ.ಸಿ. ನೀರು ನದಿಯ ಪಾಲಾದ ಮೇಲೆ, ಒಂದು ವಾರದೊಳಗೆ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಲಾಯಿತು. ಆ ವರ್ಷ ಮಳೆ ಕೈಬಿಡಲಿಲ್ಲ. ಜಲಾಶಯ ಮತ್ತೆ ತುಂಬಿತು. ಆದರೆ ಬಾಗಿಲುಗಳು ದುರ್ಬಲವಾಗಿದ್ದುದರಿಂದ 2025ರಲ್ಲಿ ಸಂಗ್ರಹವನ್ನು ಸುಮಾರು 80 ಟಿ.ಎಂ.ಸಿ.ಗೆ ಮಿತಗೊಳಿಸಬೇಕಾಯಿತು. ಅಂದರೆ, ಎಪ್ಪತ್ತು ವರ್ಷಗಳ ಹೂಳು ಕಸಿದುಕೊಂಡಷ್ಟೇ ನೀರನ್ನು ಒಂದು ಸರಪಳಿಯ ಕಥೆಯು ಒಂದೇ ವರ್ಷದಲ್ಲಿ ಕಸಿದುಕೊಂಡಿತು. ಎರಡನೆಯ ಬೆಳೆ ಇಲ್ಲವಾದರೆ ಅಕ್ಕಿಯ ಗಿರಣಿ ನಿಲ್ಲುತ್ತದೆ, ಹಮಾಲರಿಗೆ ಕೂಲಿಯಿಲ್ಲ, ಪೇಟೆಯ ಬಟ್ಟೆ ಅಂಗಡಿಗೂ ಗಿರಾಕಿಯಿಲ್ಲ.

ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟಿ ಪ್ರವಾಹದ ನೀರನ್ನು ಹಿಡಿಯಬೇಕೆಂಬ ಯೋಜನೆಯೂ ಇದೆ. ಆದರೆ ಅದಕ್ಕೆ ಹಳ್ಳಿಗರ ಭೂಮಿ ಬೇಕು, ನೆರೆರಾಜ್ಯಗಳ ಸಮ್ಮತಿ ಬೇಕು. ಒಂದು ಆಯವ್ಯಯದಲ್ಲಿ ಮುಗಿಯುವ ಮಾತಲ್ಲ.

ಹಂಪೆಗೆ ಹೋದ ವಿದ್ಯಾರ್ಥಿಗಳು ಗುಡಿಗಳನ್ನು ನೋಡಿದ ಮೇಲೆ ತುರ್ತಾ ಕಾಲುವೆಯನ್ನೂ ನೋಡಬೇಕು. ವಿಜಯನಗರದ ಅರಸರ ಕಾಲದ ಈ ಕಾಲುವೆ ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಅಂದಿನವರು ನದಿಗೆ ಅಡ್ಡಲಾಗಿ ಕಟ್ಟಿದ್ದು ನೀರನ್ನು ಕಾಲುವೆಗೆ ತಿರುಗಿಸುವ ತಗ್ಗಾದ ಒಡ್ಡುಗಳನ್ನು. ಪ್ರವಾಹ ಬಂದಾಗ ನೀರೊಡನೆ ಮಣ್ಣೂ ಅವುಗಳ ಮೇಲೆ ಹಾಯ್ದುಹೋಗುತ್ತಿತ್ತು. ಮಿಕ್ಕ ಹೂಳನ್ನು ಕಾಲುವೆಯಿಂದ ಕಾಲಕಾಲಕ್ಕೆ ಸಲಿಕೆಯಿಂದ ತೆಗೆದರೆ ಸಾಕಾಗುತ್ತಿತ್ತು.